ಅಪ್ಪನ ಭಟ್ಟಿಯೂ ಹೊಗೆಯಮ್ಮನೂ

ಜನವರಿ 8

ಇವತ್ತಿನಿಂದ ಬರೆಯುತ್ತೇನೆ. ಬರೆಯುವ ಆಸೆಯಿಂದಲ್ಲ. ನಾನು ಕೂಗಾಡಿದರೆ ಬಿ.ಪಿ. ಏರುತ್ತದಂತೆ. ಅದಕ್ಕೆ ಇವಳು, ನನ್ನ ಹೆಂಡತಿ, ಮೈದಾ ಕಂಪನಿಯವರು ಕೊಟ್ಟ ಡೈರಿಯನ್ನು ತಂದು ಮುಂದಿಟ್ಟು, "ಬೈಯೋದನ್ನೆಲ್ಲ ಇದ್ರಲ್ಲಿ ಬೈಕೊಳ್ಳಿ. ಮನೇಲಿರೋರ ಕಿವಿ ತಣ್ಣಗಿರಲಿ" ಅಂದಳು. ಇಷ್ಟು ವರ್ಷ ಸಂಸಾರ ಮಾಡಿದವಳು ಆಡುವ ಮಾತೇ ಇದು?

ಸರಿ, ಬೈಯುತ್ತೇನೆ.

ಬೆಳಿಗ್ಗೆ ಎರಡನೇ ಸುತ್ತಿನ ಬ್ರೆಡ್ ಒಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದೆ. ನಗರಸಭೆಯಿಂದ ಒಬ್ಬಳು ಹುಡುಗಿ ಬಂದಳು. ಕೊರಳಿಗೊಂದು ಗುರುತಿನ ಚೀಟಿ, ಕೈಯಲ್ಲೊಂದು ಗಾಳಿ ಅಳೆಯುವ ಪೆಟ್ಟಿಗೆ. ಪೆಟ್ಟಿಗೆಯನ್ನು ನನ್ನ ಭಟ್ಟಿಯ ಮುಂದೆ ಹಿಡಿದು, ಅದರ ಅಂಕಿ ನೋಡಿ ತುಟಿ ಕಚ್ಚಿದಳು. ಹೊಸ ಆದೇಶವಂತೆ. ಊರೊಳಗೆ ಹಗಲು ಲಾರಿ ಬರುವ ಹಾಗಿಲ್ಲ. ಕಸ ಸುಡುವ ಹಾಗಿಲ್ಲ. ಸೌದೆ, ಇದ್ದಿಲಿನ ಭಟ್ಟಿಗಳೆಲ್ಲ ಈ ತಿಂಗಳ ಕೊನೆಗೆ ಬಂದ್. ಬದಲಿಗೆ ಕರೆಂಟ್ ಭಟ್ಟಿ, ಅರ್ಧ ಖರ್ಚು ಅವರದು.

"ಇದೆಲ್ಲ ಜನರ ಆರೋಗ್ಯಕ್ಕೆ ಸಾರ್. ಊರಲ್ಲೇ ಕೆಟ್ಟ ಗಾಳಿ ಅಂದ್ರೆ ನಿಮ್ಮ ಬೀದೀದು."

"ನಮ್ಮ ಬೀದೀಲಿ ಇರೋದು ಬ್ರೆಡ್ ವಾಸನೆ ಕಣಮ್ಮ. ಜನ ಮೂಗು ಅರಳಿಸ್ಕೊಂಡು ಬರ್ತಾರೆ. ನೀನೊಬ್ಬಳೇ ಮೂಗು ಮುಚ್ಕೊಂಡು ಬಂದಿರೋದು."

ಅವಳಿಗೆ ಹೊಗೆಯಮ್ಮ ಎಂದು ಹೆಸರಿಟ್ಟಿದ್ದೇನೆ.

ಆ ಭಟ್ಟಿಯನ್ನು ಕಟ್ಟಿದ್ದು ನಮ್ಮಪ್ಪ. ಒಂದೊಂದು ಇಟ್ಟಿಗೆಯನ್ನೂ ತಾನೇ ಕೂರಿಸಿದ್ದು. ಅವತ್ತು ಹೊತ್ತಿಸಿದ ಬೆಂಕಿ ಇವತ್ತಿನವರೆಗೂ ಆರಿಲ್ಲ. ಸಂಜೆ ಕೆಂಡದ ಮೇಲೆ ಬೂದಿ ಮುಚ್ಚುತ್ತೇವೆ, ಬೆಳಗಿನ ಜಾವ ಬೂದಿ ಸರಿಸಿ ಅದೇ ಕೆಂಡಕ್ಕೆ ಸೌದೆ ಹಾಕುತ್ತೇವೆ. ಅಪ್ಪ ಹೋದ ದಿನವೂ ನಾನು ಮೊದಲು ಕೆಂಡ ಮುಚ್ಚಿ, ಆಮೇಲೆ ಅಳಲು ಕೂತಿದ್ದೆ. ಇಂಥ ಬೆಂಕಿಯನ್ನು ಒಂದು ಪೆಟ್ಟಿಗೆ ನೋಡಿ ಆರಿಸಬೇಕಂತೆ. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದವರುಂಟು, ಇವರು ಬೆಂಕಿಯನ್ನೇ ಇಲಿ ಅನ್ನುತ್ತಿದ್ದಾರೆ.

ಜನವರಿ 9

ಮಗಳು ಫೋನ್ ಮಾಡಿದ್ದಳು. ಸುದ್ದಿ ಕೇಳಿ, "ಒಳ್ಳೇದಾಯ್ತು ಬಿಡಪ್ಪ" ಅಂದಳು. ಗಾಯಕ್ಕೆ ಉಪ್ಪು ಸವರಲು ಹೊರಗಿನವರೇ ಬೇಕೆಂದಿಲ್ಲ.

ಅಳಿಯನಿಗೆ ಹಡಗಿನ ಕೆಲಸ, ವರ್ಷಕ್ಕೊಮ್ಮೆ ಮುಖ ತೋರಿಸುತ್ತಾನೆ. ಹಾಗಾಗಿ ಮಗಳು, ಮೊಮ್ಮಗಳು ಇಬ್ಬರೂ ನಮ್ಮ ಮೇಲಿನ ಕೋಣೆಯಲ್ಲೇ ಇದ್ದರು. ಮಗು ಹುಟ್ಟಿದಾಗ ಕೆನ್ನೆ ನೋಡಿ ಬನ್ನು ಎಂದು ಹೆಸರಿಟ್ಟವನೂ ನಾನೇ. ಬನ್ನುವಿಗೆ ಉಬ್ಬಸ. ಹೋದ ವರ್ಷ ಒಂದು ಸಲ ಆಸ್ಪತ್ರೆಯವರೆಗೂ ಹೋಗಬೇಕಾಯಿತು. ಬಂದವಳೇ ಮಗಳು, "ಆ ಭಟ್ಟಿ ಉರಿಯೋವರೆಗೂ ನಾನೀ ಮನೇಲಿರಲ್ಲ" ಎಂದು ಊರಿನ ಆಚೆ ತುದಿಯಲ್ಲಿ ಬಾಡಿಗೆಗೆ ಮನೆ ಹಿಡಿದಳು. ಅದೇ ಭಟ್ಟಿಯ ಬ್ರೆಡ್ ತಿಂದು ಬೆಳೆದವಳು! ನಾನೂ ಅದರ ಮುಂದೆಯೇ ಬೆಳೆದೆ. ನನಗೇನಾಗಿದೆ? ಕೆಮ್ಮು. ಕೆಮ್ಮು ಯಾರಿಗಿಲ್ಲ?

ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿಲ್ಲ. ಬಾಡಿಗೆಯವರ ತಂಟೆ ಬೇಡವೆಂದು, ಅಷ್ಟೆ.

ಜನವರಿ 21

ಬೇಕರಿ ಸಂಘದ ಸಭೆ. ನಮ್ಮ ಅಧ್ಯಕ್ಷನಿಗೆ ಊರಲ್ಲಿ ಮೂರು ಅಂಗಡಿ, ಎಲ್ಲರೂ ಮೂರಂಗಡಿ ಅಂತಲೇ ಕರೆಯುವುದು. ಹಳೆಯ ಭಟ್ಟಿಗಳಿಗೆ ವಿನಾಯಿತಿ ಕೊಡಿ ಎಂದು ಅರ್ಜಿ ಹಾಕೋಣ, ಮೊದಲ ಸಹಿ ನನ್ನದಿರಲಿ ಅಂದ.

"ಅಣ್ಣಾ, ನಿಮ್ಮದು ಭಟ್ಟಿ ಅಲ್ಲ, ಊರಿನ ಆಸ್ತಿ. ನೀವು ಮುಂದೆ ನಿಂತ್ರೆ ಯಾವನೂ ಮಾತಾಡಂಗಿಲ್ಲ."

ನೆಟ್ಟಗೆ ನಿಂತು ಸಹಿ ಹಾಕಿದೆ. ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ಕೆಮ್ಮು ಬಂದು ಎರಡು ಮಾತು ಆಡಲು ಆಗಲಿಲ್ಲ. ಸಭೆಯಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು, ಆ ಹಾಲ್‌ನ ಫ್ಯಾನಿನ ತುಂಬ ಧೂಳು.

ಫೆಬ್ರವರಿ 1

ಅರ್ಜಿಗೆ ಉತ್ತರ ಬರಲಿಲ್ಲ, ಗಡುವು ಮುಗಿಯಿತು. ಇವತ್ತು ಬೂದಿ ಮುಚ್ಚಲಿಲ್ಲ. ಹಾಗೆಯೇ ಬಿಟ್ಟೆ. ರಾತ್ರಿಗೆ ಆರಿತು.

ಫೆಬ್ರವರಿ 4

ನಿನ್ನೆಯವರೆಗೂ ಇಟ್ಟಿಗೆ ಬೆಚ್ಚಗಿತ್ತು. ನಮ್ಮ ಮಲಗುವ ಕೋಣೆಗೂ ಭಟ್ಟಿಗೂ ಒಂದೇ ಗೋಡೆ. ಇವಳು ಮದುವೆಯಾದಾಗಿನಿಂದ ಬೆನ್ನು ನೋವಿಗೆ ಅದೇ ಗೋಡೆಗೆ ಒರಗುತ್ತಿದ್ದಳು. ಇವತ್ತು ಬೆಳಿಗ್ಗೆ ಒರಗಿದವಳು ಎದ್ದು ಹೋಗಿ ಸ್ವೆಟರ್ ಹಾಕಿಕೊಂಡಳು. ನಗರಸಭೆಯವರು ಬಂದು ಈ ಗೋಡೆ ಮುಟ್ಟಿ ನೋಡಲಿ.

ಫೆಬ್ರವರಿ 6

ಕರೆಂಟ್ ಭಟ್ಟಿ ಬಂತು. ಬೀರುವಿನ ಹಾಗಿದೆ. ಬಾಗಿಲು ತೆಗೆದರೆ ದೀಪ ಹತ್ತುತ್ತದೆ, ಒಳಗೆ ಬಟ್ಟೆ ಮಡಚಿಡಬೇಕು ಅನ್ನಿಸುತ್ತದೆ.

ಭಟ್ಟಿಯ ಕಾವು ತಿಳಿಯಲು ಅಪ್ಪ ಕಲಿಸಿದ ದಾರಿ ಒಂದೇ. ಒಂದು ಹಿಡಿ ಹಿಟ್ಟನ್ನು ಒಳಗೆ ಎರಚುವುದು. ಹಿಟ್ಟು ಹೊಂಬಣ್ಣಕ್ಕೆ ತಿರುಗಿದರೆ ಬ್ರೆಡ್ ಇಡು, ಕಪ್ಪಾದರೆ ಕಾಯಿ. ಅಭ್ಯಾಸಬಲ, ಇದರೊಳಗೂ ಎರಚಿದೆ. ಒಳಗಿನ ಫ್ಯಾನ್ ಅದನ್ನೆಲ್ಲ ನನ್ನ ಮುಖಕ್ಕೇ ವಾಪಸ್ ಎರಚಿತು. ಟಪ್ ಎಂದು ಬೀದಿಯ ಅರ್ಧ ಮನೆಗಳಿಗೆ ಕರೆಂಟ್ ಹೋಯಿತು. ಇವಳು ಬಂದು ನನ್ನ ಬಿಳೀ ಮುಖ ನೋಡಿ ಗೋಡೆ ಹಿಡಿದುಕೊಂಡು ನಕ್ಕಳು. ನಗುವಾಗ ಕೆಮ್ಮು ಬಂದು ಅಲ್ಲೇ ಕೂತುಬಿಟ್ಟಳು. ಹಾಗೇ ಆಗಬೇಕು.

ಫೆಬ್ರವರಿ 20

ಹೊಸ ಬ್ರೆಡ್ ಮಾರಲು ಶುರುಮಾಡಿ ವಾರ ದಾಟಿತು. ಒಬ್ಬರಾದರೂ ಬೈಯಬೇಕಲ್ಲ? ದಿನವೂ ಬರುವ ಮೇಷ್ಟರನ್ನು ನಾನೇ ಕೇಳಿದೆ, "ರುಚಿಯಲ್ಲಿ ಏನಾದ್ರೂ ವ್ಯತ್ಯಾಸ?" ಅವರು ಯೋಚಿಸಿ, "ತಳದಲ್ಲಿ ಬೂದಿ ಅಂಟಿರಲ್ಲ ಈಗ, ಚೆನ್ನಾಗಿದೆ" ಅಂದರು. ಇಷ್ಟು ವರ್ಷ ಅಪ್ಪನ ಬೆಂಕಿಯಲ್ಲಿ ಬೇಯಿಸಿ ಕೊಟ್ಟಿದ್ದು ಇವರ ನಾಲಿಗೆಗೆ ಬೂದಿಯಾಗಿತ್ತೇ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಮಾರ್ಚ್ 11

ಇವತ್ತು ಅಂಗಡಿ ತಡವಾಗಿ ತೆರೆದೆ. ಹುಟ್ಟಿದಾಗಿನಿಂದ ಹೀಗಾಗಿಲ್ಲ. ತಪ್ಪು ಪೂರ್ತಿ ಇವಳದು.

ಬೆಳಗಿನ ಜಾವ ಇವಳು ಕೆಮ್ಮಲು ಶುರುಮಾಡುತ್ತಾಳೆ, ಅದಕ್ಕೆ ನನಗೆ ಎಚ್ಚರವಾಗುತ್ತದೆ. ನಮ್ಮ ಮನೆಯ ಅಲಾರಾಂ ಅದೇ. ಈಚೆಗೆ ಕೆಮ್ಮುತ್ತಲೇ ಇಲ್ಲ. ಹಾಯಾಗಿ ಗೊರಕೆ ಹೊಡೆಯುತ್ತಾಳೆ. ನಿಲ್ಲಿಸುವವಳು ಒಂದು ಮಾತು ಹೇಳಿ ನಿಲ್ಲಿಸಬಾರದೇ? ಕೇಳಿದರೆ, "ನೀವೂ ಕೆಮ್ತಿಲ್ಲ ಕಣ್ರೀ, ಇಲ್ಲಾಂದ್ರೆ ನಂಗಾದ್ರೂ ಎಚ್ಚರ ಆಗ್ತಿತ್ತು" ಎಂದು ನನ್ನ ಮೇಲೇ ತಿರುಗಿಸಿದಳು. ಅಲಾರಾಂ ಗಡಿಯಾರ ತರಬೇಕು. ಈ ನಗರಸಭೆಯಿಂದ ದಿನಕ್ಕೊಂದು ದಂಡ.

ಮಾರ್ಚ್ 30

ಮೈದಾ ಕೊಡುವ ಸಾಹುಕಾರನ ಬಂಡವಾಳ ಬಯಲಾಯಿತು!

ಈಗ ಲಾರಿ ಬರುವಂತಿಲ್ಲವಲ್ಲ, ಮೂಟೆಗಳು ಸಣ್ಣ ಬ್ಯಾಟರಿ ಗಾಡಿಯಲ್ಲಿ ಬರುತ್ತವೆ. ಇವತ್ತು ಮೂಟೆ ಬಿಚ್ಚಿದರೆ ಒಳಗಿನಿಂದ ಮುಗ್ಗಲು ವಾಸನೆ. ಒದ್ದೆ ಗೋಣಿಯ ವಾಸನೆ. ಇನ್ನೊಂದು ಬಿಚ್ಚಿದೆ, ಅದೂ ಹಾಗೇ. ಅವನನ್ನು ಕರೆಸಿ, ಮೂಟೆಯೊಳಗೆ ಅವನ ಮೂಗು ತೂರಿಸಿದೆ.

"ಅಣ್ಣಾ, ಇದು ನಿಮಗೆ ಯಾವಾಗ್ಲೂ ಕೊಡೋ ಮಾಲೇ. ಅದೇ ಗೋಡೌನು, ಅದೇ ಗಿರಣಿ. ಇಷ್ಟು ವರ್ಷ ಒಂದು ಮಾತು ಅಂದಿಲ್ಲ ನೀವು."

"ಹಾಗಾದ್ರೆ ಇಷ್ಟು ವರ್ಷ ಮುಗ್ಗಲು ಹಿಟ್ಟು ಕೊಟ್ಟೆ ಅಂತ ನೀನೇ ಒಪ್ಕೊಂಡ ಹಾಗಾಯ್ತು!"

ಅವನು ಬಾಯಿ ತೆರೆದುಕೊಂಡು ನಿಂತ. ಕಳ್ಳ ಸಿಕ್ಕಿಬಿದ್ದಾಗ ಹಾಗೇ ನಿಲ್ಲುವುದು. ಎಲ್ಲ ಮೂಟೆ ವಾಪಸ್ ಕಳಿಸಿ ಬೇರೆ ಕಡೆಯಿಂದ ತರಿಸಿದೆ. ಆ ಹಿಟ್ಟಿಗೆ ಗೋಧಿಯದೇ ವಾಸನೆ. ಅಪ್ಪನ ಕಾಲದಲ್ಲಿ ಹಿಟ್ಟು ಹೀಗಿರುತ್ತಿತ್ತು.

ಏಪ್ರಿಲ್ 17

ಎಲ್ಲವೂ ಕೆಟ್ಟುಹೋಗಿದೆ. ಬೆಣ್ಣೆ ಕಮಟು. ಹಿತ್ತಲ ಚರಂಡಿ ನಾರುತ್ತದೆ. ಪಕ್ಕದ ಅಂಗಡಿಯವನು ಹಚ್ಚಿದ ಬಣ್ಣಕ್ಕೆ ತಲೆನೋವು ಬಂತು. ಇವಳ ಸಾರು ಬಾಯಿಗಿಟ್ಟರೆ ಉಪ್ಪೋ ಉಪ್ಪು.

"ಉಪ್ಪಿಲ್ಲ, ಉಪ್ಪಿಲ್ಲ ಅಂತ ಇಷ್ಟು ವರ್ಷ ಹಾಕಿಸ್ಕೊಂಡೋರು ಯಾರ್ರೀ?" ಅಂದಳು. "ನಿಮ್ಮ ಮೂಗು, ನಾಲಿಗೆ ಎಲ್ಲೋ ಊರಿಗೆ ಹೋಗಿದ್ವು, ಈಗ ವಾಪಸ್ ಬಂದಿವೆ. ಸುಮ್ಮನೆ ಊಟ ಮಾಡಿ."

ಉಪ್ಪು ಜಾಸ್ತಿ ಹಾಕಿ ನನ್ನ ಮೂಗಿನ ಮೇಲೆ ಗೂಬೆ ಕೂರಿಸುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೇ 6

ಶಾಲೆಗೆ ರಜ. ಮಗಳು ಬನ್ನುವನ್ನು ಕರೆದುಕೊಂಡು ಬಂದಿದ್ದಾಳೆ. "ಎರಡು ದಿನ ಇದ್ದು ನೋಡ್ತೀನಿ" ಅಂದಳು. ನೋಡುವುದೇನು, ಇದೇನು ಪ್ರದರ್ಶನವೇ? ಆದರೂ ಮೇಲಿನ ಕೋಣೆಯ ಕಿಟಕಿ ಒರೆಸಿದ್ದೆ. ಧೂಳಿತ್ತು, ಅದಕ್ಕೆ.

ಮೇ 12

ಈ ಮಗುವಿಗೆ ಹೇಳುವವರು ಕೇಳುವವರು ಇಲ್ಲ. ಬೆಳಿಗ್ಗೆಯಿಂದ ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಧಡಧಡ ಸದ್ದಿಗೆ ತಟ್ಟೆಯಲ್ಲಿ ಉಬ್ಬಲು ಇಟ್ಟ ಹಿಟ್ಟು ಕೂತುಹೋಗುತ್ತದೆ ಎಂದು ಗದರಿದೆ. "ತಾತಾ, ನಿನ್ನ ಹಿಟ್ಟೇ ಸೋಮಾರಿ" ಎಂದು ಮತ್ತೆ ಹತ್ತಿತು.

ಮಗಳು ಕೆಳಗಿನ ಮೆಟ್ಟಿಲ ಮೇಲೆ ಚೀಲ ಹಿಡಿದು ಕೂತಿದ್ದಳು. ಬನ್ನು ಒಂದೊಂದು ಸಲ ಇಳಿದು ಬಂದಾಗಲೂ ಅವಳ ಕೈ ಚೀಲದೊಳಗೆ, ಉಸಿರಿನ ಪಂಪ್ ಇರುವ ಕಡೆ, ಹೋಗುತ್ತಿತ್ತು. ಮಗುವಿನ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದಳು, ಮತ್ತೆ ಬರಿಗೈ ಆಚೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಚೀಲವನ್ನು ಮೊಳೆಗೆ ನೇತುಹಾಕಿ ಅವಳೂ ಮೆಟ್ಟಿಲು ಹತ್ತಿ ಓಡಿದಳು. ಇಷ್ಟು ದೊಡ್ಡ ಹೆಂಗಸು. ಒಬ್ಬರಿಗೂ ಬುದ್ಧಿಯಿಲ್ಲ.

ಎರಡು ದಿನ ಅಂದವರು ವಾರವಾದರೂ ಹೊರಟಿಲ್ಲ. ನಾನೇಕೆ ನೆನಪಿಸಲಿ?

ಮೇ 25

ಬೀದಿಯ ಮೂಲೆಯಲ್ಲಿ ಯಾವನೋ ಟೈರು ಸುಡುತ್ತಿದ್ದ. ವಾಸನೆ ಇಲ್ಲಿಯವರೆಗೆ ಬಂತು. ಹೊಗೆಯಮ್ಮನಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. "ಆದೇಶ ಅಂತ ಬಡವರ ಭಟ್ಟಿ ಆರಿಸೋಕೆ ಬರ್ತೀರ, ಇದು ಕಾಣ್ಸಲ್ವಾ?" ಅವಳು, "ಸಾರ್, ದೂರು ಕೊಡ್ತಿರೋದು ನೀವೇನಾ?" ಎಂದು ಕೇಳಿದಳು. ದೂರು ಕೊಡುವವರ ಮುಖ ನೋಡಿ ಕೆಲಸ ಮಾಡುತ್ತಾರೆ ಇವರು.

ಜೂನ್ 10

ಗೆದ್ದೆವು! ಹಳೆಯ ಭಟ್ಟಿಗಳಿಗೆ ವಿನಾಯಿತಿ ಸಿಕ್ಕಿತು. ಮೂರಂಗಡಿ ಹಾರ ಹಿಡಿದು ಬಂದ. ಭಾನುವಾರ ಮೊದಲು ನನ್ನ ಭಟ್ಟಿಯನ್ನೇ ಹೊತ್ತಿಸುವುದು, ಪತ್ರಿಕೆಯವರು ಫೋಟೋ ತೆಗೆಯುವುದು, ಆಮೇಲೆ ದಿನವೂ ಅವನ ಮೂರೂ ಅಂಗಡಿಗೆ ಇಲ್ಲಿಂದಲೇ ಸೌದೆ ಭಟ್ಟಿಯ ಬ್ರೆಡ್ ಹೋಗುವುದು. ನಿನ್ನ ಅಂಗಡಿಗಳಲ್ಲಿ ಏಕೆ ಹೊತ್ತಿಸುವುದಿಲ್ಲ ಎಂದು ಕೇಳಿದೆ. "ನಮ್ಮಲ್ಲಿ ಮೊದ್ಲಿಂದ ಕರೆಂಟೇ ಅಲ್ವಾ ಅಣ್ಣಾ. ಹೊಗೆ ಅಂದ್ರೆ ನಮ್ಮನೆಯವ್ಳಿಗೆ ಆಗಲ್ಲ" ಅಂದ.

ಇರಲಿ. ಅಪ್ಪನ ಬೆಂಕಿ ಮತ್ತೆ ಉರಿಯುತ್ತದೆ.

ಜೂನ್ 14

ಮಗಳು ಬಟ್ಟೆ ಕಟ್ಟಿಕೊಂಡಿದ್ದಾಳೆ. ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. "ನಾಳೆ ಮಧ್ಯಾಹ್ನ ನೀವು ಹೊತ್ತಿಸೋಕೆ ಮೊದ್ಲು ಹೊರಡ್ತೀವಪ್ಪ. ನಿನ್ನ ಭಟ್ಟಿ, ನಿನ್ನಿಷ್ಟ" ಅಂದಳು, ಅಷ್ಟೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಇವಳು ಊಟಕ್ಕೆ ಕರೆಯಲಿಲ್ಲ. ನಾನೇ ಬಡಿಸಿಕೊಂಡೆ. ನಾನು ಮಾಡಿದ್ದೇನು? ಅಪ್ಪನ ಹೆಸರು ಉಳಿಸುವುದು ತಪ್ಪೇ? ಒಂದು ಭಟ್ಟಿ ಹೊತ್ತಿಸಲು ಇಡೀ ಮನೆಯ ಅಪ್ಪಣೆ ಬೇಕೇ?

ಜೂನ್ 15, ಭಾನುವಾರ

ಬರೆಯದಿದ್ದರೆ ಯಾರನ್ನಾದರೂ ಹೊಡೆದೇನು.

ಮಧ್ಯಾಹ್ನ ಅಂದವನು ಮೂರಂಗಡಿ. ಪತ್ರಿಕೆಯವನಿಗೆ ಬೇರೆ ಕೆಲಸವಿದೆಯೆಂದು, ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ ಜನ ಕರೆತಂದು ಹಿತ್ತಲ ಬಾಗಿಲಿನಿಂದ ನುಗ್ಗಿ ಸೌದೆ ಒಟ್ಟಿಬಿಟ್ಟಿದ್ದ. "ಕಾಯೋಕೆ ಹೊತ್ತು ಬೇಕಲ್ಲಣ್ಣ, ಹಚ್ಚಿಬಿಡೋಣ" ಅಂದ. ಮೇಲೆ ಮಗು ಮಲಗಿದೆ ಎಂದೆ. ಒಂದು ದಿನಕ್ಕೆ ಏನಾಗುತ್ತೆ ಅಂದ. ಒಂದು ದಿನಕ್ಕೆ ಏನಾಗುತ್ತದೆ ಎಂದು ನನಗೂ ಅನ್ನಿಸಿತು. ಅವನೇ ಕಡ್ಡಿ ಗೀರಿ ನನ್ನ ಕೈಗೆ ಕೊಟ್ಟ.

ಸೌದೆ ಹತ್ತಿಕೊಂಡಿತು. ಇಟ್ಟಿಗೆ ಕಾಯಲು ಶುರುವಾಯಿತು. ನನಗೆ ಕಣ್ಣು ತುಂಬಿ ಬಂತು, ಅಪ್ಪನ ನೆನಪಾಗಿ ಅಂದುಕೊಂಡೆ. ಆಮೇಲೆ ಮೂಗು ಉರಿಯಿತು. ಗಂಟಲಿಗೆ ಕೈ ಹಾಕಿ ಹಿಂಡಿದಂತಾಯಿತು. ಒಳಗಿನ ಗೋಡೆ, ಚಾವಣಿ ಏನೂ ಕಾಣದಷ್ಟು ಹೊಗೆ.

"ಎಂಥಾ ಹಾಳು ಸೌದೆ ತಂದಿದೀಯೋ?" ಎಂದು ಅವನ ಕೊರಳಪಟ್ಟಿ ಹಿಡಿದೆ. "ಹಸೀದೋ, ಏನಾದ್ರೂ ಬಣ್ಣ ಹಚ್ಚಿದ್ದೋ? ನಮ್ಮ ಭಟ್ಟಿ ಹೀಗೆ ಹೊಗೆ ಬಿಡೋದಲ್ಲ!"

"ನಿಮ್ಮ ಹಿತ್ತಲಲ್ಲಿ ಒಣಗಿಸಿಟ್ಟಿದ್ದೇ ಅಣ್ಣಾ. ನೀವೇ ಕಡಿಸಿಟ್ಟಿದ್ದು. ಯಾವಾಗ್ಲೂ ಹೀಗೇ ಅಲ್ವಾ?"

ಯಾವಾಗಲೂ ಹೀಗೇ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಗಳು. ಕಂಕುಳಲ್ಲಿ ಬನ್ನು. ಮಗುವಿನ ಭುಜ ಎರಡೂ ಕಿವಿಯವರೆಗೆ ಏರುತ್ತಿತ್ತು, ಕುತ್ತಿಗೆಯ ಗುಳಿ ಒಳಗೆ ಎಳೆದುಕೊಳ್ಳುತ್ತಿತ್ತು. ಅಳಲು ಬಾಯಿ ತೆರೆದರೂ ಸದ್ದು ಬರುತ್ತಿರಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ಪಂಪ್ ಒತ್ತುತ್ತಿದ್ದಳು. ಬನ್ನು ನನ್ನ ಕಡೆಯೇ ನೋಡುತ್ತಿತ್ತು.

ಕಾದ ಭಟ್ಟಿಗೆ ನೀರು ಹಾಕಬಾರದು. ಈ ಕೆಲಸಕ್ಕೆ ಬಂದವನಿಗೆ ಮೊದಲ ದಿನ ಹೇಳಿಕೊಡುವುದೇ ಅದು, ಅಪ್ಪ ನನ್ನ ಕಿವಿ ಹಿಂಡಿ ಹೇಳಿಕೊಟ್ಟಿದ್ದ. ಹಿಟ್ಟು ಕಲಸುವ ನೀರಿನ ಡ್ರಮ್ಮನ್ನೇ ಎಳೆದುಕೊಂಡು ಹೋಗಿ ಭಟ್ಟಿಯ ಬಾಯಿಗೆ ಸುರಿದೆ. ಮೂರಂಗಡಿ "ಅಣ್ಣಾ, ಒಡೆದುಹೋಗುತ್ತೆ!" ಎಂದು ನನ್ನ ಸೊಂಟ ಹಿಡಿದುಕೊಂಡ. ಅವನನ್ನು ತಳ್ಳಿ ಉಳಿದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಮೊಗೆದು ಎರಚಿದೆ. ಒಳಗೆ ಇಟ್ಟಿಗೆ ಸೀಳುವ ಸದ್ದು ಕೇಳಿಸಿತು. ಭಟ್ಟಿಯ ಕಮಾನಿನ ನಡುವಿನಿಂದ ಇಟ್ಟಿಗೆಯ ಒಂದು ಸಾಲು ಕುಸಿದು ಕೆಂಡದ ಮೇಲೆ ಬಿತ್ತು. ಅದನ್ನೂ ಪತ್ರಿಕೆಯವನು ಫೋಟೋ ತೆಗೆದುಕೊಂಡ, ಅವನ ಮನೆ ಹಾಳಾಗ.

ನಮ್ಮ ವಾರ್ಡಿನ ದವಾಖಾನೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಔಷಧಿಯ ಹಬೆ ಬರುವ ಮುಖವಾಡ ಹಾಕಿದರು. ಆ ಮಷೀನಿನ ಮೇಲೆ ಧೂಳಿತ್ತು. ನಾನು ರೇಗಿದೆ, ಮಕ್ಕಳಿಗೆ ಹಾಕುವುದನ್ನು ಒರೆಸಿಡಬಾರದೇ ಎಂದು.

"ಹೋದ ವರ್ಷ ಇದಕ್ಕೆ ಸಾಲು ನಿಂತಿರ್ತಿದ್ರು ತಾತ, ಧೂಳು ಕೂರೋಕೆ ಪುರುಸೊತ್ತಿರ್ಲಿಲ್ಲ," ಅಂದರು ಡಾಕ್ಟರು. "ಈ ಬೇಸಿಗೇಲಿ ತೆಗೆದಿದ್ದೇ ಅಪರೂಪ. ಲಾರಿ ನಿಂತವು, ಕಸ ಸುಡೋದು ನಿಂತಿತು, ನಿಮ್ಮಂಥೋರ ಭಟ್ಟಿ ನಿಂತವು. ನಾವೇನೂ ಮಾಡ್ಲಿಲ್ಲ."

ಮಧ್ಯಾಹ್ನಕ್ಕೆ ಮಗುವಿನ ಭುಜ ಕೆಳಗಿಳಿಯಿತು. ಮುಖವಾಡ ತೆಗೆದ ಕೂಡಲೇ, "ತಾತಾ, ನಿನ್ನ ಮೀಸೆ ಕಪ್ಪಾಗಿದೆ" ಅಂದಿತು. ನಾನು ಆಚೆ ಹೋಗಿ ಗೋಡೆ ಹಿಡಿದು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಜೂನ್ 16

ಮಗಳು ಬಟ್ಟೆಯ ಗಂಟನ್ನು ಮತ್ತೆ ಮೇಲೆ ತೆಗೆದುಕೊಂಡು ಹೋಗಿದ್ದಾಳೆ. ಯಾಕೆ ಏನು ಎಂದು ನಾನು ಕೇಳಲಿಲ್ಲ.

ನಗರಸಭೆಗೆ ಹೋದೆ. ಸುಮ್ಮನೆ ಬಿಡುವ ವಿಷಯವಲ್ಲ ಇದು. ಹೊಗೆಯಮ್ಮನ ಮೇಜಿನ ಮೇಲೆ ವಿನಾಯಿತಿ ಪತ್ರ ಬಡಿದು, "ಇದನ್ನ ಯಾಕಮ್ಮ ಕೊಟ್ಟಿರಿ?" ಅಂದೆ.

"ನೀವೇ ಅರ್ಜಿ ಹಾಕಿದ್ರಿ ಸಾರ್. ಮೊದಲ್ನೇ ಸಹಿ ನಿಮ್ದೇ."

"ಕೇಳಿದೋರಿಗೆಲ್ಲ ಕೊಡ್ತೀರಾ? ನಾಲ್ಕು ಜನ ಬಾಯಿ ಮಾಡಿದ್ರು ಅಂತ ಆದೇಶ ವಾಪಸ್ ತಗೊಳ್ಳೋರು, ಮೊದ್ಲು ಯಾಕೆ ಹೊರಡಿಸಿದ್ರಿ? ನಿಲ್ಲೋ ಧೈರ್ಯ ಇಲ್ಲದೋರು ಈ ಕುರ್ಚಿ ಮೇಲೆ ಯಾಕೆ ಕೂರ್ಬೇಕು?"

ಕಚೇರಿಯ ಜನ ಎಲ್ಲ ಎದ್ದು ನಿಂತು ನೋಡುತ್ತಿದ್ದರು. ನೋಡಲಿ. ನಾನು ನಿಲ್ಲಿಸಲಿಲ್ಲ. ನಮ್ಮ ಮೊಮ್ಮಗಳಿಗೆ ಆರು ವರ್ಷ, ಹುಟ್ಟಿದಾಗಿನಿಂದ ಆ ಹೊಗೆಯ ಮೇಲೆಯೇ ಮಲಗಿದ್ದಳು, ಅಷ್ಟೂ ಕಾಲ ನೀವೆಲ್ಲ ಎಲ್ಲಿ ಸತ್ತಿದ್ದಿರಿ ಎಂದು ಕೇಳಿದೆ. ಈ ಬುದ್ಧಿ ಆಗಲೇ ಬರಲು ಏನು ರೋಗವಾಗಿತ್ತು?

ಅವಳು ಪತ್ರವನ್ನು ಮೇಜಿನಂಚಿಗೆ ಸರಿಸಿದಳು.

"ಆಗ್ಲೂ ಬಂದಿದ್ರು ಸಾರ್," ಅಂದಳು. ದನಿ ತಗ್ಗಿಸಿ ಹೇಳಿದಳು, ಸುತ್ತ ಇದ್ದವರಿಗೆ ಕೇಳಬಾರದೆಂದು. "ಆರು ವರ್ಷದ ಹಿಂದೆ. ನಾನು ಕೆಲಸಕ್ಕೆ ಸೇರೋ ಮೊದ್ಲು. ಭಟ್ಟಿ ಬದಲಾಯಿಸ್ತೀರಾ, ಪೂರ್ತಿ ಖರ್ಚು ನಮ್ಮದೇ ಅಂತ ಕೇಳೋಕೆ ನಮ್ಮ ಹಿಂದಿನ ಸಾಹೇಬ್ರು ನಿಮ್ಮ ಅಂಗಡಿಗೇ ಬಂದಿದ್ರಂತೆ. ನೀವು ಬ್ರೆಡ್ ತೆಗೆಯೋ ಹಲಗೆ ಹಿಡ್ಕೊಂಡು ಬೀದಿ ಕೊನೇತನಕ ಓಡಿಸಿದ್ರಂತೆ."

"ಆಮೇಲೆ?"

"ಆಮೇಲೆ ನಿಮ್ಮ ಬೀದಿಗೆ ಯಾರೂ ಬರ್ಲಿಲ್ಲ ಸಾರ್."

ನನಗೆ ಮೈಯೆಲ್ಲ ಉರಿದುಹೋಯಿತು.

"ಓಡಿಸಿದ್ರೆ ವಾಪಸ್ ಬರ್ಬೇಕಿತ್ತಮ್ಮ," ಅಂದೆ. "ಮಾರನೇ ದಿನವೇ ಬರ್ಬೇಕಿತ್ತು. ಪೊಲೀಸರನ್ನ ಕರ್ಕೊಂಡು ಬರ್ಬೇಕಿತ್ತು. ಮುದುಕ ಹಲಗೆ ಎತ್ತಿದ ಅಂತ ಬಿಟ್ಟು ಹೋಗೋದಾ? ಮೇಲೆ ತೊಟ್ಟಿಲಲ್ಲಿ ಮಗು ಇತ್ತು."

ಕೂಗಿದೆನೋ ಇಲ್ಲವೋ ತಿಳಿಯದು. ಅವಳು ಎದ್ದು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು, ಕುಡಿಯಲು ನೀರು ತಂದುಕೊಟ್ಟಳು.